ಕಾರಿನ ಎಂಜಿನ್ ಬಡಿಯುವ ಸದ್ದು: ಲಕ್ಷಣ ಹಿಡಿದು ದೋಷ ಹುಡುಕುವ ಕ್ರಮ

ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಹೊರಟ ಕಾರು ಆನಗೋಡು ದಾಟಿ ಭರಮಸಾಗರದ ಕಡೆಗೆ ಸಾಗುತ್ತಿರುವಾಗ, ಬಾನೆಟ್ಟಿನ ಕೆಳಗಿಂದ ಅದುವರೆಗೆ ಕೇಳದಿದ್ದ ಬಡಿತವೊಂದು ಕೇಳತೊಡಗಿತು ಎಂದುಕೊಳ್ಳಿ. ಆಗ ಹೆಚ್ಚಿನವರು ಎರಡು ತಪ್ಪುಗಳಲ್ಲಿ ಒಂದನ್ನು ಮಾಡುತ್ತಾರೆ. ಊರು ಮುಟ್ಟಿದ ಮೇಲೆ ನೋಡೋಣವೆಂದು ಹಾಗೆಯೇ ಓಡಿಸುವುದು ಮೊದಲನೆಯದು. ಕಂಡ ಗ್ಯಾರೇಜಿನಲ್ಲಿ ನಿಲ್ಲಿಸಿ, ಏನನ್ನೂ ಪರೀಕ್ಷಿಸದೆ ಎಂಜಿನ್ ಬಿಚ್ಚಲು ಒಪ್ಪಿಬಿಡುವುದು ಎರಡನೆಯದು. ಬಡಿತದ ಸದ್ದುಗಳಲ್ಲಿ ಕೆಲವು ಒಂದು ಬೋಲ್ಟು ಬಿಗಿ ಮಾಡಿದರೆ ನಿಲ್ಲುವಂಥವು. ಕೆಲವು ಇನ್ನೊಂದು ಕಿಲೋಮೀಟರ್ ಓಡಿಸಿದರೂ ಕ್ರ್ಯಾಂಕನ್ನು, ಅಂದರೆ ಪಿಸ್ಟನ್ನಿನ ಓಟವನ್ನು ತಿರುಗುವಿಕೆಯಾಗಿಸುವ ದಂಡವನ್ನು, ಕೆಡಿಸುವಂಥವು. ಇವನ್ನು ಬೇರ್ಪಡಿಸಲು ಸದ್ದಿನ ಜೋರು ಹೆಚ್ಚು ನೆರವಾಗುವುದಿಲ್ಲ. ಅದು ಯಾವಾಗ ಹುಟ್ಟುತ್ತದೆ, ಯಾವಾಗ ಅಡಗುತ್ತದೆ, ಎಂಜಿನ್ ಬಿಸಿಯಾದಂತೆ ಮತ್ತು ಭಾರ ಬಿದ್ದಂತೆ ಹೇಗೆ ಬದಲಾಗುತ್ತದೆ ಎಂಬುದನ್ನು ಗಮನಿಸಿದವರಿಗೆ ಅರ್ಧ ಉತ್ತರ ಸಿಕ್ಕಂತೆಯೇ.

ಸದ್ದಿನೊಂದಿಗೆ ಕೆಂಪು ಆಯಿಲ್ ದೀಪ ಹತ್ತಿದರೆ

ಈ ಲಕ್ಷಣವನ್ನು ಎಲ್ಲಕ್ಕಿಂತ ಮೊದಲು ಇಟ್ಟಿದ್ದೇನೆ, ಏಕೆಂದರೆ ಇಲ್ಲಿ ಯೋಚಿಸಲು ಸಮಯವಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬಿಯ ಗುರುತಿನ ಕೆಂಪು ದೀಪ ಹತ್ತಿದೆ ಎಂದರೆ ಎಣ್ಣೆಯ ಒತ್ತಡ ಬಿದ್ದಿದೆ ಎಂದರ್ಥ. ಬಹುತೇಕ ಕಾರುಗಳಲ್ಲಿ ಒತ್ತಡ ಅರ್ಧ ಬಾರ್‌ನ ಆಸುಪಾಸಿಗೆ ಕುಸಿದ ಮೇಲೆಯೇ ಈ ದೀಪ ಹತ್ತುವುದರಿಂದ, ಅದು ಮುನ್ನೆಚ್ಚರಿಕೆಗಿಂತ ಹೆಚ್ಚಾಗಿ ಕೊನೆಯ ಎಚ್ಚರಿಕೆ. ಇಂಡಿಕೇಟರ್ ಹಾಕಿ, ಹೆದ್ದಾರಿಯ ಎಡಬದಿಗೆ ಸರಿದು, ಎಂಜಿನ್ ಆರಿಸಬೇಕು. ಸರ್ವೀಸ್ ರಸ್ತೆ ಅಥವಾ ಪೆಟ್ರೋಲ್ ಬಂಕು ಎದುರಿಗೇ ಕಾಣುತ್ತಿದ್ದರೂ ಎಂಜಿನ್ ಚಾಲೂ ಇಟ್ಟು ಅಲ್ಲಿಯವರೆಗೆ ಹೋಗುವುದು ಸರಿಯಲ್ಲ. ಗಾಡಿ ಉರುಳುತ್ತಿರುವ ವೇಗದಲ್ಲಿಯೇ ಸುರಕ್ಷಿತ ಜಾಗಕ್ಕೆ ತರಬೇಕು. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ವೇಗ ಹೆಚ್ಚು. ಆದ್ದರಿಂದ ನಾಲ್ಕೂ ಇಂಡಿಕೇಟರ್ ಹಾಕಿ, ತ್ರಿಕೋನ ಫಲಕವನ್ನು ಹಿಂದೆ ಸಾಕಷ್ಟು ದೂರದಲ್ಲಿಟ್ಟು, ಒಳಗಿದ್ದವರನ್ನು ಇಳಿಸಿ ತಡೆಬೇಲಿಯ ಆಚೆ ನಿಲ್ಲಿಸಬೇಕು. ಅದಾದ ಮೇಲೆಯೇ ಬಾನೆಟ್ ತೆಗೆಯುವ ಮಾತು.

ಹತ್ತು ನಿಮಿಷ ಬಿಟ್ಟು ಡಿಪ್‌ಸ್ಟಿಕ್ (ಎಣ್ಣೆಯ ಮಟ್ಟ ತೋರುವ ಕಡ್ಡಿ) ನೋಡಬೇಕು. ಎಣ್ಣೆ ಕಡಿಮೆಯಿದ್ದರೆ ಅದೇ ದರ್ಜೆಯ ಎಣ್ಣೆ ತುಂಬಿ ಒಮ್ಮೆ ಚಾಲೂ ಮಾಡಬಹುದು. ದೀಪ ಕೆಲವೇ ಸೆಕೆಂಡುಗಳಲ್ಲಿ ಆರಿ, ಬಡಿತವೂ ಪೂರ್ತಿ ನಿಂತರೆ ಅದೃಷ್ಟ ಚೆನ್ನಾಗಿದೆ ಎಂದುಕೊಂಡು ನಿಧಾನವಾಗಿ ಹತ್ತಿರದ ಗ್ಯಾರೇಜಿಗೆ ಹೋಗಬಹುದು. ಹೋದ ಎಣ್ಣೆ ಸೋರಿತೇ, ಉರಿಯಿತೇ ಎಂಬುದನ್ನು ಅಲ್ಲಿ ಹುಡುಕಿಸಬೇಕು. ದೀಪ ಆರದಿದ್ದರೆ, ಅಥವಾ ದೀಪ ಆರಿಯೂ ಬಡಿತ ಉಳಿದರೆ, ಕೀಲಿ ತಿರುಗಿಸಿ ಆರಿಸಿ, ಗಾಡಿಯನ್ನು ಹೊತ್ತೊಯ್ಯುವ ಲಾರಿ ಕರೆಸಬೇಕು. ಹಗ್ಗ ಕಟ್ಟಿ ಎಳೆಸುವುದಾದರೆ ಗೇರ್ ನ್ಯೂಟ್ರಲ್‌ನಲ್ಲಿರಬೇಕು, ಕ್ಲಚ್ ಬಿಟ್ಟು ಚಾಲೂ ಮಾಡುವ ಪ್ರಯತ್ನವನ್ನು ಎಂದಿಗೂ ಮಾಡಬಾರದು. ಆಟೋಮ್ಯಾಟಿಕ್ ಗೇರಿನ ಕಾರನ್ನು ಚಕ್ರದ ಮೇಲೆ ಎಳೆಸುವುದು ಬೇಡ.

ಕಿವಿಗೊಡುವ ಮೊದಲು ಮಾಡಬೇಕಾದ ಪರೀಕ್ಷೆ

ದೀಪ ಹತ್ತಿಲ್ಲ, ಸದ್ದು ಮಾತ್ರ ಇದೆ ಎಂದಾದರೂ ಆರಂಭ ಡಿಪ್‌ಸ್ಟಿಕ್ಕಿನಿಂದಲೇ ಆಗಬೇಕು. ಇದಕ್ಕೆ ಒಂದು ಹಳೆಯ ಬಟ್ಟೆಯ ತುಂಡು ಬಿಟ್ಟರೆ ಯಾವ ಖರ್ಚೂ ಇಲ್ಲ. ಗಾಡಿ ಸಮತಟ್ಟಾದ ನೆಲದ ಮೇಲಿರಬೇಕು; ಎಂಜಿನ್ ಆರಿಸಿ ಐದರಿಂದ ಹತ್ತು ನಿಮಿಷವಾಗಿರಬೇಕು. ಕಡ್ಡಿಯನ್ನು ಒರೆಸಿ, ಮತ್ತೆ ಪೂರ್ತಿ ಇಳಿಸಿ, ಎಳೆದು ನೋಡಿದಾಗ ಎಣ್ಣೆ ಎರಡು ಗುರುತುಗಳ ನಡುವೆ ಇರಬೇಕು. ಸಾಮಾನ್ಯ ಕಾರುಗಳಲ್ಲಿ ಆ ಎರಡು ಗುರುತುಗಳ ಅಂತರ ಹೆಚ್ಚುಕಡಿಮೆ ಒಂದು ಲೀಟರ್.

ಮಟ್ಟದಷ್ಟೇ ಎಣ್ಣೆಯ ಗುಣವೂ ಮುಖ್ಯ. ಕಪ್ಪಾಗಿರುವುದು ತಾನೇ ದೋಷವಲ್ಲ. ಡೀಸೆಲ್ ಗಾಡಿಗಳಲ್ಲಿ ಹೊಸ ಎಣ್ಣೆಯೂ ಬೇಗನೆ ಕಪ್ಪಾಗುತ್ತದೆ. ಹಾಲು ಬೆರೆತ ಕಾಫಿಯ ಬಣ್ಣ ಕಂಡರೆ ಎಂಜಿನ್ ತಂಪಿಡುವ ದ್ರವವಾದ ಕೂಲಂಟು ಎಣ್ಣೆಯೊಳಗೆ ಸೇರಿದೆ ಎಂದು ಶಂಕಿಸಬೇಕು, ಅಂಥ ಎಂಜಿನ್ ಓಡಿಸಬಾರದು. ಪೆಟ್ರೋಲಿನ ವಾಸನೆ ಹೊಡೆಯುತ್ತಿದ್ದರೆ, ಮಟ್ಟವೂ ಮೇಲಿನ ಗುರುತು ದಾಟಿದ್ದರೆ, ಇಂಧನ ಇಳಿದು ಎಣ್ಣೆ ತೆಳುವಾಗಿದೆ. ಎಣ್ಣೆಯನ್ನು ಎರಡು ಬೆರಳುಗಳ ನಡುವೆ ಉಜ್ಜಿ ಬಿಸಿಲಿಗೆ ಹಿಡಿದಾಗ ಬೆಳ್ಳಿಯಂಥ ಅಥವಾ ತಾಮ್ರದಂಥ ನುಣುಪಾದ ಹೊಳಪು ಕಂಡರೆ, ಕ್ರ್ಯಾಂಕ್ ತಿರುಗುವ ಜಾಗದಲ್ಲಿರುವ ಮೆದು ಲೋಹದ ಬೇರಿಂಗ್ ಸವೆಯುತ್ತಿದೆ. ಮುಂದಿನ ಪರೀಕ್ಷೆಗಳನ್ನೆಲ್ಲ ಬಿಟ್ಟು, ಆಳವಾದ ಗುದ್ದಿನ ಬಗ್ಗೆ ಕೆಳಗೆ ಬರೆದಿರುವ ಭಾಗಕ್ಕೆ ನೇರವಾಗಿ ಹೋಗಬಹುದು.

ಚಾಲೂ ಇರುವ ಎಂಜಿನ್ನಿಗೆ ಕಿವಿಗೊಡುವಾಗ ಸೀರೆಯ ಸೆರಗು, ದುಪ್ಪಟ್ಟಾ, ಹೆಗಲ ಮೇಲಿನ ಟವೆಲ್, ಸಡಿಲ ತೋಳು, ಬಿಚ್ಚಿದ ಕೂದಲು ಯಾವುದೂ ಬೆಲ್ಟಿನ ಹತ್ತಿರ ಸುಳಿಯಬಾರದು. ರೇಡಿಯೇಟರಿನ ವಿದ್ಯುತ್ ಫ್ಯಾನು ಎಂಜಿನ್ ಆರಿಸಿದ ಮೇಲೂ ತಾನೇ ತಾನಾಗಿ ತಿರುಗಬಲ್ಲದು. ಬಿಸಿಯಿರುವಾಗ ಕೂಲಂಟ್ ಮುಚ್ಚಳ ತೆಗೆದವರ ಮುಖ, ಕೈ ಸುಟ್ಟಿರುವುದನ್ನು ಕಣ್ಣಾರೆ ಕಂಡಿರುವುದರಿಂದ ಈ ಮಾತನ್ನು ಒತ್ತಿ ಹೇಳುತ್ತಿದ್ದೇನೆ. ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಚಾಲೂ ಇಡಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ.

ಏರಿನಲ್ಲಿ, ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಕಿಣಿಕಿಣಿ

ಜೋಗಿಮಟ್ಟಿಯ ಏರು ಹತ್ತುವಾಗ, ಇಲ್ಲವೇ ಐದು ಜನ ಕುಳಿತ ಗಾಡಿಯಲ್ಲಿ ಲಾರಿಯೊಂದನ್ನು ದಾಟಲು ಪೆಡಲ್ ಅದುಮಿದಾಗ, ಡಬ್ಬಿಯೊಳಗೆ ಗೋಲಿ ಅಲ್ಲಾಡಿಸಿದಂಥ ಸದ್ದು ಬರುತ್ತದೆ. ಪೆಡಲ್ ಬಿಟ್ಟ ತಕ್ಷಣ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಷ್ಟು ರೇಸ್ ಕೊಟ್ಟರೂ ಬರುವುದಿಲ್ಲ. ಹೀಗಿದ್ದರೆ ಲೋಹಕ್ಕೆ ಲೋಹ ಬಡಿಯುತ್ತಿಲ್ಲ, ಉರಿ ತಪ್ಪಾಗಿದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಪ್ಲಗ್ಗಿನ ಕಿಡಿಯಿಂದ ಹೊತ್ತಿದ ಜ್ವಾಲೆ ಸಿಲಿಂಡರಿನ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡಬೇಕು. ಅದು ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒತ್ತಡ ಮತ್ತು ಕಾವಿಗೆ ತಾನಾಗಿ ಹೊತ್ತಿಕೊಂಡರೆ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗೆ ಅಪ್ಪಳಿಸುತ್ತವೆ. ನಮಗೆ ಕೇಳುವ ಕಿಣಿಕಿಣಿ ಅದೇ.

ಅತಿ ಅಗ್ಗದ ಪರಿಹಾರ ಚಾಲಕರ ಕೈಯಲ್ಲಿಯೇ ಇದೆ. ನಾಲ್ಕನೆಯ ಅಥವಾ ಐದನೆಯ ಗೇರಿನಲ್ಲಿ ಎಂಜಿನ್ ತಿಣುಕುತ್ತಿರುವಾಗ ಪೆಡಲ್ ಅದುಮುವುದು ನಮ್ಮಲ್ಲಿ ಬಹಳ ಕಾಣುವ ಅಭ್ಯಾಸ, ಹಾಗೆ ಮಾಡಿದರೆ ಡೀಸೆಲ್ ಉಳಿಯುತ್ತದೆ, ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆಯೂ ಅದಕ್ಕೆ ಕಾರಣ. ಒಂದು ಗೇರ್ ಇಳಿಸಿ ಅದೇ ಏರು ಹತ್ತಿ ನೋಡಿ. ಸದ್ದು ಬಾರದಿದ್ದರೆ ಗಾಡಿಯಲ್ಲಿ ದೋಷವೇ ಇಲ್ಲದಿರಬಹುದು. ಹೊಸ ಕಾಲದ ಚಿಕ್ಕ ಟರ್ಬೊ ಪೆಟ್ರೋಲ್ ಎಂಜಿನ್ನುಗಳಲ್ಲಿ ಈ ಅಭ್ಯಾಸ ಇನ್ನೂ ಅಪಾಯಕಾರಿ. ಕಡಿಮೆ ವೇಗ ಮತ್ತು ಹೆಚ್ಚು ಭಾರ ಕೂಡಿದಾಗ ಅವುಗಳಲ್ಲಿ ಕಿಡಿಗೂ ಮುಂಚೆಯೇ ಮಿಶ್ರಣ ಹೊತ್ತಿಕೊಂಡು, ಒಂದೇ ಹೊಡೆತಕ್ಕೆ ಪಿಸ್ಟನ್ ಒಡೆಯಬಲ್ಲದು. ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯಾದ ಎಪಿಐ 2020ರಲ್ಲಿ ತಂದ ಎಸ್‌ಪಿ ದರ್ಜೆಯ ಎಣ್ಣೆಗಳು ಇದನ್ನು ತಡೆಯುವ ಉದ್ದೇಶವನ್ನೂ ಇಟ್ಟುಕೊಂಡು ರೂಪುಗೊಂಡವು. ಕೈಪಿಡಿಯಲ್ಲಿ ಆ ದರ್ಜೆ ಬರೆದಿದ್ದರೆ ಅದಕ್ಕಿಂತ ಹಳೆಯ ದರ್ಜೆಯನ್ನು ಹಾಕಿಸಬಾರದು.

ಎರಡನೆಯ ಪರೀಕ್ಷೆ ಇಂಧನದ್ದು. ಆಕ್ಟೇನ್ ಎಂದರೆ ಇಂಧನ ತಾನಾಗಿ ಹೊತ್ತಿಕೊಳ್ಳದೆ ತಡೆದುಕೊಳ್ಳುವ ಶಕ್ತಿಯ ಅಳತೆ. ಹೊಗೆ ಮಾಲಿನ್ಯದ ಬಿಎಸ್-6 ನಿಯಮ 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಾಗ ಸಾಮಾನ್ಯ ಪೆಟ್ರೋಲಿನ ಆಕ್ಟೇನ್ ಕನಿಷ್ಠ 91, ಪ್ರೀಮಿಯಂನದು 95 ಇರಬೇಕಿತ್ತು. ಟ್ಯಾಂಕ್ ಬಹುತೇಕ ಬರಿದಾದಾಗ ಬೇರೆ ಬಂಕಿನಲ್ಲಿ ಪ್ರೀಮಿಯಂ ತುಂಬಿಸಿ, ಅದೇ ಏರನ್ನು ಅದೇ ಗೇರಿನಲ್ಲಿ ಹತ್ತಬೇಕು. ಸದ್ದು ಹೋದರೆ ಅದು ಉರಿಯ ಸದ್ದೆಂಬುದು ಖಚಿತ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇರುವ ಗಾಡಿಯಲ್ಲಿ ಈ ಪರೀಕ್ಷೆ ಇನ್ನೂ ಸುಲಭ: ಅನಿಲಗಳ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚಿರುವುದರಿಂದ, ಪೆಟ್ರೋಲಿನಲ್ಲಿ ಬರುವ ಕಿಣಿಕಿಣಿ ಗ್ಯಾಸಿಗೆ ಬದಲಿಸಿದಾಗ ಅಡಗುತ್ತದೆ, ಬೇರಿಂಗಿನ ಬಡಿತವಾದರೆ ಎರಡರಲ್ಲೂ ಉಳಿಯುತ್ತದೆ. ಶೇಕಡಾ 20 ಎಥೆನಾಲ್ ಬೆರೆಸಿದ ಪೆಟ್ರೋಲಿನಿಂದಲೇ ಎಂಜಿನ್ ಬಡಿಯುತ್ತದೆ ಎಂಬ ಮಾತು ಈಚೆಗೆ ಬಹಳ ಕೇಳಿಬರುತ್ತಿದೆ. ಎಥೆನಾಲಿನ ಆಕ್ಟೇನ್ ಪೆಟ್ರೋಲಿಗಿಂತ ಹೆಚ್ಚಾದ್ದರಿಂದ ಈ ಬಗೆಯ ಬಡಿತವನ್ನು ಅದು ಕಡಿಮೆಯೇ ಮಾಡಬೇಕು. ಆದರೆ ಎಥೆನಾಲ್ ನೀರು ಹೀರುತ್ತದೆ; ನೀರು ಸೇರಿದ ಇಂಧನ ಬಹಳ ದಿನ ನಿಂತರೆ ಎರಡು ಪದರವಾಗಿ ಒಡೆಯಬಹುದು. ತಿಂಗಳುಗಟ್ಟಲೆ ನಿಲ್ಲಿಸಿದ್ದ ಗಾಡಿ ಮುಗ್ಗರಿಸುತ್ತಿದ್ದರೆ ಅದನ್ನು ಶಂಕಿಸಬೇಕು.

ಇಂಧನ ಬದಲಿಸಿದರೂ ಸದ್ದು ಹೋಗದಿದ್ದರೆ ಕಾವಿನ ಕಡೆಗೆ ತಿರುಗಬೇಕು. ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಮಟ್ಟಿಗೆ ನಾನು ಹೆಚ್ಚು ಒತ್ತು ಕೊಡುವ ಕಾರಣ ಇದು. ಚಳ್ಳಕೆರೆ, ಮೊಳಕಾಲ್ಮೂರು, ಜಗಳೂರಿನ ಕಡೆ ಕೊಳವೆಬಾವಿಯ ನೀರು ಗಡಸು. ಕುದಿಸಿದ ಪಾತ್ರೆಯ ತಳದಲ್ಲಿ ಕೂರುವ ಬಿಳಿ ಪೊರೆಯನ್ನು ಮನೆಯ ಹೆಂಗಸರು ದಿನವೂ ಉಜ್ಜುತ್ತಾರೆ. ಅದೇ ನೀರನ್ನು ವರ್ಷಗಟ್ಟಲೆ ರೇಡಿಯೇಟರಿಗೆ ಸುರಿದರೆ ಅದೇ ಪೊರೆ ಎಂಜಿನ್ನಿನ ನೀರಿನ ದಾರಿಗಳಲ್ಲಿ ಕೂರುತ್ತದೆ, ಅಲ್ಲಿ ಉಜ್ಜಲು ಯಾರ ಕೈಯೂ ಹೋಗುವುದಿಲ್ಲ. ಕಾವು ಹೊರಹೋಗದೆ ಸಿಲಿಂಡರ್ ಹೆಡ್ ಕಾದು, ಮೀಟರಿನ ಮುಳ್ಳು ಏರುವ ಮೊದಲೇ ಏಪ್ರಿಲ್, ಮೇ ಬಿಸಿಲಿನಲ್ಲಿ ಕಿಣಿಕಿಣಿ ಶುರುವಾಗುತ್ತದೆ. ತಣ್ಣಗಾದ ಎಂಜಿನ್ನಿನ ಕೂಲಂಟ್ ಡಬ್ಬಿಯಲ್ಲಿ ಬಣ್ಣವಿಲ್ಲದ ಬರಿಯ ನೀರು ಅಥವಾ ತುಕ್ಕಿನ ಬಣ್ಣದ ನೀರು ಕಂಡರೆ, ಪೂರ್ತಿ ತೊಳೆಸಿ, ತಯಾರಕರು ಹೇಳಿದ ಕೂಲಂಟ್ ತುಂಬಿಸುವುದು ಪ್ಲಗ್ ಬದಲಿಸುವುದಕ್ಕಿಂತ ಮುಂಚೆ ಆಗಬೇಕಾದ ಕೆಲಸ.

ಉಳಿದವು ಮೆಕ್ಯಾನಿಕ್ ನೋಡಬೇಕಾದವು: ತಪ್ಪು ಶಾಖದರ್ಜೆಯ ಸ್ಪಾರ್ಕ್ ಪ್ಲಗ್, ಪಿಸ್ಟನ್ ತಲೆಯ ಮೇಲೆ ಕೂತ ಮಸಿ, ಎಲ್ಲಿಂದಲೋ ಗಾಳಿ ಸೋರಿ ತೆಳುವಾದ ಮಿಶ್ರಣ, ಕೆಟ್ಟ ನಾಕ್ ಸೆನ್ಸರ್. ಈ ಸೆನ್ಸರ್ ಬಡಿತವನ್ನು ಗ್ರಹಿಸಿ ಕಿಡಿಯನ್ನು ತಡಮಾಡಿಸುತ್ತದೆ. ಅದು ಕೆಟ್ಟಾಗ ಸಾಮಾನ್ಯವಾಗಿ ಹಳದಿ ಎಂಜಿನ್ ದೀಪ ಹತ್ತುತ್ತದೆ, ಸ್ಕ್ಯಾನರ್ ಹಾಕಿದರೆ ಗೊತ್ತಾಗುತ್ತದೆ. ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಹಳೆಯ ಗಾಡಿಗಳಲ್ಲಿ ಕಿಡಿಯ ಟೈಮಿಂಗ್ ಮುಂದಕ್ಕೆ ಸರಿದಿದ್ದರೂ ಇದೇ ಸದ್ದು. ಎಂದೋ ಒಮ್ಮೆ ಏರಿನಲ್ಲಿ ಒಂದೆರಡು ಸೆಕೆಂಡ್ ಕೇಳಿದರೆ ಗಾಬರಿ ಬೇಡ. ಸಮತಟ್ಟಾದ ರಸ್ತೆಯಲ್ಲೂ ನಿರಂತರವಾಗಿ ಬರುತ್ತಿದ್ದರೆ ಪಿಸ್ಟನ್ ಕರಗುವವರೆಗೂ ಕಾಯಬಾರದು.

ಬೆಳಗ್ಗೆ ಚಾಲೂ ಮಾಡಿದಾಗ ಇದ್ದು, ಬಿಸಿಯಾದ ಮೇಲೆ ಹೋಗುವ ಸದ್ದು

ಮೊದಲ ಎರಡು ಮೂರು ಸೆಕೆಂಡ್ ಮಾತ್ರ ಗರಗರ ಎಂದು ಅಡಗಿದರೆ, ರಾತ್ರಿ ಕೆಳಗಿಳಿದ ಎಣ್ಣೆ ಮತ್ತೆ ಮೇಲೇರುವ ತನಕ ವಾಲ್ವು ತೆರೆಯುವ ಕ್ಯಾಮ್ ದಂಡವನ್ನು ತಿರುಗಿಸುವ ಟೈಮಿಂಗ್ ಚೈನ್ ಅಥವಾ ವಾಲ್ವನ್ನು ಒತ್ತುವ ಹೈಡ್ರಾಲಿಕ್ ಟ್ಯಾಪೆಟ್ ಒಣಗಿ ಬಡಿದಿದೆ. ಒಳ್ಳೆಯ ಆಯಿಲ್ ಫಿಲ್ಟರಿನೊಳಗೆ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರ್ ಕವಾಟವೊಂದಿರುತ್ತದೆ, ನಕಲಿ ಫಿಲ್ಟರುಗಳಲ್ಲಿ ಅದು ನೆಪಮಾತ್ರ. ಹಿಂದಿನ ಸರ್ವೀಸಿನ ನಂತರ ಈ ಸದ್ದು ಶುರುವಾಗಿದ್ದರೆ ಫಿಲ್ಟರ್ ಮತ್ತು ಎಣ್ಣೆಯನ್ನು ಬದಲಿಸಿ ನೋಡುವುದು ಅಗ್ಗದ ದಾರಿ. ಅದೇ ಗರಗರ ದಿನದಿಂದ ದಿನಕ್ಕೆ ಉದ್ದವಾಗುತ್ತಾ ಬಂದರೆ ಚೈನ್ ಸಡಿಲವಾಗಿದೆ ಅಥವಾ ಅದನ್ನು ಬಿಗಿ ಹಿಡಿಯುವ ಟೆನ್ಷನರ್ ಸೋತಿದೆ. ಚೈನ್ ಹಲ್ಲು ತಪ್ಪಿದರೆ ಬಹಳಷ್ಟು ಎಂಜಿನ್ನುಗಳಲ್ಲಿ ವಾಲ್ವು ಪಿಸ್ಟನ್ನಿಗೆ ಬಡಿಯುತ್ತದೆಯಾದ್ದರಿಂದ ಇದನ್ನು ಮುಂದೂಡಬಾರದು.

ಐದಾರು ನಿಮಿಷದವರೆಗೆ ಮಂದವಾದ, ಟೊಳ್ಳಾದ ಬಡಿತವಿದ್ದು ಬಿಸಿಯಾದಂತೆ ಕರಗಿಹೋದರೆ ಅದು ಹೆಚ್ಚಾಗಿ ಪಿಸ್ಟನ್ ಸಿಲಿಂಡರಿನಲ್ಲಿ ಓಲಾಡುವ ಸದ್ದು. ತಣ್ಣಗಿರುವಾಗ ಪಿಸ್ಟನ್ ಚಿಕ್ಕದು, ಕಾದಂತೆ ಹಿಗ್ಗಿ ಅಂತರ ತುಂಬುತ್ತದೆ. ಲಕ್ಷ ಕಿಲೋಮೀಟರ್ ದಾಟಿದ ಗಾಡಿಯಲ್ಲಿ ಎಣ್ಣೆ ಉರಿಯದೆ, ನೀಲಿ ಹೊಗೆ ಬಾರದೆ ಈ ಸದ್ದಷ್ಟೇ ಇದ್ದರೆ, ತಣ್ಣಗಿರುವಾಗ ಜೋರಾಗಿ ಓಡಿಸದೆ ಇನ್ನೂ ವರ್ಷಗಳ ಕಾಲ ಬಳಸಬಹುದು. ಸಿಲಿಂಡರ್ ಕೊರೆಸಿ ಬೋರ್ ಮಾಡಿಸಲೇಬೇಕೆಂದು ಯಾರಾದರೂ ಅವಸರಪಡಿಸಿದರೆ ಮೊದಲು ಕಂಪ್ರೆಷನ್ (ಸಿಲಿಂಡರಿನೊಳಗೆ ಏರುವ ಒತ್ತಡ) ಅಳೆಯಿಸಿ, ಅಂಕಿಗಳನ್ನು ಬರೆಸಿಕೊಳ್ಳಬೇಕು.

ಇದೇ ವೇಳೆಯಲ್ಲಿ ಚುರುಕಾದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಹೊಗೆಕೊಳವೆಯ ಗ್ಯಾಸ್ಕೆಟ್ ಸೋರಿಕೆಯನ್ನು ನೋಡಬೇಕು. ಹೆಡ್ಡಿಗೆ ಸೈಲೆನ್ಸರ್ ಕೊಳವೆ ಕೂಡುವಲ್ಲಿ ಕಪ್ಪು ಮಸಿಯ ಗೆರೆ ಕಂಡರೆ ಅದೇ ಗುರುತು. ಎಂಜಿನ್ ಕಾದು ಲೋಹ ಹಿಗ್ಗಿದಾಗ ಸಂದು ಮುಚ್ಚಿ ಸದ್ದು ನಿಲ್ಲುವುದರಿಂದ, ಗ್ಯಾರೇಜಿಗೆ ಹೋಗುವಷ್ಟರಲ್ಲಿ ಇದು ಮಾಯವಾಗಿರುತ್ತದೆ. ಗಾಡಿಯನ್ನು ರಾತ್ರಿ ಅಲ್ಲಿಯೇ ಬಿಟ್ಟು ಬೆಳಗ್ಗೆ ಅವರೆದುರೇ ಚಾಲೂ ಮಾಡಿಸುವುದು ಒಳ್ಳೆಯದು.

ಮೇಲಿನ ಮುಚ್ಚಳದಿಂದ ಟಕಟಕ

ಇಲ್ಲಿ ಒಂದು ಲೆಕ್ಕ ಬಹಳ ಉಪಯೋಗಕ್ಕೆ ಬರುತ್ತದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ಒಂದೇ ಸುತ್ತು ತಿರುಗುತ್ತದೆ. ಸ್ಲೋನಲ್ಲಿ, ಅಂದರೆ ಪೆಡಲ್ ಮುಟ್ಟದೆ ನಿಂತಲ್ಲಿಯೇ ಓಡುವಾಗ, ಎಂಜಿನ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದ್ದರೆ ಒಂದು ವಾಲ್ವಿನ ಟಕ್ ನಿಮಿಷಕ್ಕೆ 400 ಬಾರಿ, ಅಂದರೆ ಸೆಕೆಂಡಿಗೆ ಆರೇಳು ಬಾರಿ ಮಾತ್ರ ಬರುತ್ತದೆ. ಬೆರಳಿನಿಂದ ತಾಳ ಹಾಕಲು ಆದೀತು. ಕ್ರ್ಯಾಂಕಿನ ವೇಗದಲ್ಲಿ ಬರುವ ಬಡಿತ ಇದರ ಎರಡರಷ್ಟು ಒತ್ತಾಗಿರುತ್ತದೆ. ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿ, ತುದಿಯನ್ನು ವಾಲ್ವ್ ಕವರಿನ ಮೇಲೆ ಒಂದೊಂದೇ ಕಡೆ ಇಟ್ಟು ಕೇಳಿದರೆ ಸದ್ದಿನ ನೆಲೆ ಸ್ಪಷ್ಟವಾಗುತ್ತದೆ. ಬ್ಯಾಟರಿಯ ತುದಿ, ಪ್ಲಗ್ಗಿಗೆ ವಿದ್ಯುತ್ ಕೊಡುವ ಕಾಯಿಲ್, ತಿರುಗುವ ಪುಲ್ಲಿಗಳಿಂದ ಅದನ್ನು ದೂರವಿಡಬೇಕು; ಕೈಗೆ ಸಿಕ್ಕಿದರೆ ಒಣಗಿದ ಮರದ ಕೋಲು ಇನ್ನೂ ಸುರಕ್ಷಿತ.

ಸದ್ದು ಮೇಲಿನದೇ ಆಗಿದ್ದು ಎಣ್ಣೆಯ ಮಟ್ಟವೂ ಸರಿಯಿದ್ದರೆ ಟ್ಯಾಪೆಟ್ ಅಂತರ ಹೊಂದಿಸಬೇಕಾಗಿರಬಹುದು. ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳಿಂದ ಅಳೆಯುವ ಈ ಅಂತರ ಮಿಲಿಮೀಟರಿನ ಹತ್ತನೆಯ ಒಂದೆರಡು ಭಾಗದ ಆಸುಪಾಸಿನಲ್ಲಿರುತ್ತದೆ, ನಿಖರವಾದ ಅಂಕಿ ಪ್ರತಿ ಎಂಜಿನ್ನಿಗೂ ಬೇರೆ. ಸದ್ದೇ ಇಲ್ಲದಂತೆ ಬಿಗಿ ಮಾಡಿಕೊಡಿ ಎಂದು ಕೇಳುವವರಿದ್ದಾರೆ. ಅದು ತಪ್ಪು. ಅಂತರವಿಲ್ಲದ ವಾಲ್ವು ಪೂರ್ತಿ ಮುಚ್ಚಿಕೊಳ್ಳದೆ ಸುಟ್ಟುಹೋಗುತ್ತದೆ. ಸ್ವಲ್ಪ ಮಾತಾಡುವ ವಾಲ್ವೇ ಕ್ಷೇಮ. ಇಂಧನ ಚಿಮ್ಮಿಸುವ ಇಂಜೆಕ್ಟರುಗಳೂ ಟಿಕ್ ಟಿಕ್ ಎನ್ನುತ್ತವೆ, ಅದು ಅವುಗಳ ಸಹಜ ಸದ್ದು.

ಎಂಜಿನ್ನಿನ ಹೊರಗಿನಿಂದ ಬಂದು ಒಳಗಿನಂತೆ ಕೇಳುವ ಸದ್ದುಗಳು

ನನ್ನ ಪರಿಚಯದವರೊಬ್ಬರ ಗಾಡಿಗೆ ಬೇರಿಂಗ್ ಹೋಗಿದೆ ಎಂದು ತೀರ್ಮಾನಿಸಿ, ಒಂದು ಗ್ಯಾರೇಜಿನಲ್ಲಿ ಎಂಜಿನ್ ತಳದ ಆಯಿಲ್ ಚೇಂಬರ್ ಇಳಿಸಿದ್ದರು. ಬೇರಿಂಗ್‌ಗಳು ಹೊಸದರಂತಿದ್ದವು. ಸೈಲೆನ್ಸರ್ ಕೊಳವೆಯ ಮೇಲಿನ ತೆಳು ತಗಡಿನ ಒಂದು ಬೋಲ್ಟು ತುಕ್ಕು ಹಿಡಿದು ಉದುರಿ, ಆ ತಗಡು ಒಂದು ನಿರ್ದಿಷ್ಟ ವೇಗದಲ್ಲಿ ಮಾತ್ರ ಕೊಳವೆಗೆ ಬಡಿಯುತ್ತಿತ್ತು. ಆ ದಿನದಿಂದ, ತಣ್ಣಗಿರುವ ಗಾಡಿಯ ಕೆಳಗೆ ಬಗ್ಗಿ ತಗಡು, ಕೊಳವೆ, ಕ್ಲಾಂಪುಗಳನ್ನು ಕೈಯಿಂದ ಅಲ್ಲಾಡಿಸಿ ನೋಡದೆ ಬೇರೆ ಯಾವ ಕೆಲಸಕ್ಕೂ ಒಪ್ಪಬೇಡಿ ಎಂದು ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಗಾಡಿಯ ಕೆಳಗೆ ತೂರಬೇಕಾದರೆ ಬರಿಯ ಜಾಕಿಯನ್ನು ನಂಬಬಾರದು.

ಎಸಿ ಹಾಕಿದಾಗ ಬಂದು ಆರಿಸಿದಾಗ ಹೋಗುವ ಸದ್ದು ಕಂಪ್ರೆಸರಿನದು. ಚಾಲೂ ಮಾಡುವಾಗ, ಆರಿಸುವಾಗ, ಗೇರ್ ಬದಲಿಸುವಾಗ ಒಂದೇ ಒಂದು ದಡ್ ಎಂದರೆ ಎಂಜಿನ್ ಮೌಂಟಿಂಗಿನ ರಬ್ಬರ್ ಹರಿದಿದೆ. ಕ್ಲಚ್ ಒತ್ತಿದಾಗ ಸದ್ದು ಬದಲಾದರೆ ಕ್ಲಚ್ ಬೇರಿಂಗ್, ಫ್ಲೈವೀಲ್, ಅಪರೂಪಕ್ಕೆ ಕ್ರ್ಯಾಂಕಿನ ಥ್ರಸ್ಟ್ ವಾಷರ್ ಕಡೆ ನೋಡಬೇಕು. ಆಲ್ಟರ್ನೇಟರ್, ವಾಟರ್ ಪಂಪ್, ಟೆನ್ಷನರ್ ಪುಲ್ಲಿಗಳನ್ನು ಪರೀಕ್ಷಿಸಲು ಮೆಕ್ಯಾನಿಕ್‌ರು ಎಂಜಿನ್ ಆರಿಸಿ ಹೊರಬೆಲ್ಟನ್ನು ಕಳಚಿ, ಒಂದು ನಿಮಿಷದೊಳಗೆ ಚಾಲೂ ಮಾಡಿ ಆರಿಸುತ್ತಾರೆ. ಸದ್ದು ಹೋಗಿದ್ದರೆ ಅದು ಬೆಲ್ಟು ತಿರುಗಿಸುವ ಭಾಗಗಳದ್ದು. ಆ ಹೊತ್ತಿನಲ್ಲಿ ಕೂಲಂಟ್ ಹರಿಯದಿರಬಹುದಾದ್ದರಿಂದ ಅದಕ್ಕಿಂತ ಹೆಚ್ಚು ಹೊತ್ತು ಓಡಿಸುವುದು ಬೇಡ.

ಕೆಳಗಿನಿಂದ ಬರುವ ಆಳವಾದ ಗುದ್ದು

ಮೇಲಿನ ಯಾವುದಕ್ಕೂ ಹೊಂದದೆ, ಸುತ್ತಿಗೆಯಿಂದ ಕಂಬವನ್ನು ಗುದ್ದಿದಂಥ ಸದ್ದು ಎಂಜಿನ್ನಿನ ಕೆಳಭಾಗದಿಂದ ಬರುತ್ತಿದ್ದರೆ, ಬಿಸಿಯಾದಂತೆ ಹೆಚ್ಚಾಗುತ್ತಿದ್ದರೆ, ರೇಸ್ ಕೊಟ್ಟಂತೆ ಒತ್ತಾಗುತ್ತಿದ್ದರೆ, ಪಿಸ್ಟನ್ನನ್ನು ಕ್ರ್ಯಾಂಕಿಗೆ ಜೋಡಿಸುವ ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಿದೆ ಎಂದು ಶಂಕಿಸಬೇಕು. ರಾಡ್ ಮತ್ತು ಕ್ರ್ಯಾಂಕಿನ ನಡುವೆ ಇರಬೇಕಾದದ್ದು ಮಿಲಿಮೀಟರಿನ ನೂರನೆಯ ಕೆಲವು ಭಾಗದಷ್ಟು ಅಂತರ, ಅದನ್ನು ತುಂಬಿರುವುದು ಎಣ್ಣೆಯ ಪದರ. ಆ ಅಂತರ ಹಿಗ್ಗಿದಾಗ ಪಿಸ್ಟನ್ ದಿಕ್ಕು ಬದಲಿಸುವ ಪ್ರತಿ ಸಲವೂ ರಾಡ್ ಕ್ರ್ಯಾಂಕಿಗೆ ಗುದ್ದುತ್ತದೆ. ಕಾದ ಎಣ್ಣೆ ತೆಳುವಾಗುವುದರಿಂದ ಸದ್ದು ಬಿಸಿಯಲ್ಲಿ ಹೆಚ್ಚು. ತಣ್ಣಗಿರುವಾಗ ಬಡಿದು ಬಿಸಿಯಾದಾಗ ಅಡಗುವ ಪಿಸ್ಟನ್ನಿನ ಸದ್ದಿಗೂ ಇದಕ್ಕೂ ಇರುವ ಮುಖ್ಯ ವ್ಯತ್ಯಾಸ ಇದೇ. 2,000ದಿಂದ 2,500 ಸುತ್ತಿನಲ್ಲಿ ಹಿಡಿದು ಪೆಡಲನ್ನು ಥಟ್ಟನೆ ಬಿಟ್ಟಾಗ ಎರಡು ಮೂರು ಗುದ್ದು ಒಟ್ಟಿಗೆ ಕೇಳುವುದು ಇನ್ನೊಂದು ಗುರುತು. ಈ ಪರೀಕ್ಷೆಯನ್ನು ಒಮ್ಮೆ ಮಾಡಿದರೆ ಸಾಕು, ಮತ್ತೆ ಮತ್ತೆ ಮಾಡಿದಷ್ಟೂ ಹಾನಿ ಹೆಚ್ಚುತ್ತದೆ. ಕ್ರ್ಯಾಂಕನ್ನು ಹೊರುವ ಮೇನ್ ಬೇರಿಂಗಿನ ಸದ್ದು ಇನ್ನೂ ಗಡುಸಾದ ಗುಡುಗಿನಂತಿದ್ದು, ಭಾರ ಬಿದ್ದಾಗ ಏಳುತ್ತದೆ.

ಇದನ್ನು ಖಚಿತಪಡಿಸಿಕೊಳ್ಳುವ ಕೆಲಸ ಅನುಭವಿಗಳದ್ದು. ಪೆಟ್ರೋಲ್ ಗಾಡಿಯಲ್ಲಿ ಎಂಜಿನ್ ಆರಿಸಿ ಒಂದು ಸಿಲಿಂಡರಿನ ಇಂಜೆಕ್ಟರ್ ತಂತಿ ಕಳಚಿ, ಚಾಲೂ ಮಾಡಿ ಕೇಳುತ್ತಾರೆ. ಆ ಸಿಲಿಂಡರ್ ಸತ್ತಾಗ ಗುದ್ದು ಕುಗ್ಗಿದರೆ ದೋಷ ಆ ರಾಡಿನದು. ಕಾಯಿಲ್ ಕಳಚಿ ಇದೇ ಪರೀಕ್ಷೆ ಮಾಡಿದರೆ ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಸುಡುತ್ತದೆ, ಕಾಯಿಲಿನ ಅಧಿಕ ವೋಲ್ಟೇಜ್ ಮುಟ್ಟಿದವರಿಗೂ ಅಪಾಯ. ನಂತರ ಎಣ್ಣೆಯ ಸೆನ್ಸರ್ ಜಾಗದಲ್ಲಿ ಗೇಜ್ ಕೂರಿಸಿ, ಬಿಸಿ ಎಂಜಿನ್ನಿನ ಒತ್ತಡವನ್ನು ಅಳೆಯಬೇಕು. ಸಾಮಾನ್ಯವಾಗಿ ಸ್ಲೋನಲ್ಲಿ ಒಂದು ಬಾರ್, 3,000 ಸುತ್ತಿನಲ್ಲಿ ಮೂರು ಬಾರ್‌ನ ಆಸುಪಾಸು ಇರಬೇಕು, ಆದರೆ ಆ ಎಂಜಿನ್ನಿನ ಕೈಪಿಡಿಯ ಅಂಕಿಯೇ ಪ್ರಮಾಣ. ಕೊನೆಗೆ ಎಣ್ಣೆ ಇಳಿಸಿ, ಫಿಲ್ಟರನ್ನು ಕತ್ತರಿಸಿ, ಒಳಗಿನ ಕಾಗದವನ್ನು ಬಿಡಿಸಿ ನೋಡಬೇಕು. ಹೊಳೆಯುವ ಚೂರು ಇದ್ದರೆ ಆಯಸ್ಕಾಂತ ಹಿಡಿಯಿರಿ. ಬೇರಿಂಗಿನ ಪದರ ತಾಮ್ರ, ತವರ, ಅಲ್ಯೂಮಿನಿಯಂನಂಥ ಲೋಹಗಳದ್ದಾದ್ದರಿಂದ ಆಯಸ್ಕಾಂತಕ್ಕೆ ಅಂಟುವುದಿಲ್ಲ. ಅಂಟಿದರೆ ಕ್ಯಾಮ್, ಚೈನ್ ಅಥವಾ ಕ್ರ್ಯಾಂಕಿನ ಉಕ್ಕು ಸವೆದಿದೆ.

ಹಿರಿಯೂರಿನಿಂದ ಬರುತ್ತಿದ್ದಾಗ ನಮ್ಮ ಅಣ್ಣನ ಗಾಡಿಯಲ್ಲಿ ಈ ಗುದ್ದು ಶುರುವಾದುದನ್ನು ನಾನು ಪಕ್ಕದಲ್ಲಿ ಕುಳಿತು ಕೇಳಿದ್ದೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುತ್ತಿದ್ದವು, ದುರ್ಗ ಇನ್ನೇನು ಬಂತು ಎಂದುಕೊಂಡು ನಿಲ್ಲಿಸಲಿಲ್ಲ. ಮೊದಲು ಕೇಳಿದಾಗಲೇ ನಿಲ್ಲಿಸಿದ್ದರೆ ಕ್ರ್ಯಾಂಕನ್ನು ಗ್ರೈಂಡಿಂಗ್ ಯಂತ್ರದಲ್ಲಿ ಸಾಣೆ ಹಿಡಿಸಿ, ಸಣ್ಣದಾದ ಆ ಅಳತೆಗೆ ತಕ್ಕ 0.25 ಮಿಲಿಮೀಟರ್ ಅಂಡರ್‌ಸೈಜ್ ಬೇರಿಂಗ್ ಹಾಕಿದರೆ ಮುಗಿಯುತ್ತಿತ್ತು. ಊರು ಮುಟ್ಟುವಷ್ಟರಲ್ಲಿ ರಾಡ್ ಮುರಿದು ಬ್ಲಾಕಿನ ಪಕ್ಕವನ್ನು ತೂತು ಮಾಡಿತ್ತು. ಅಂದು ನಿಲ್ಲಿಸು ಅಣ್ಣ ಎಂದು ಗಟ್ಟಿಯಾಗಿ ಹೇಳದಿದ್ದುದಕ್ಕೆ ಇಂದಿಗೂ ನೋವಿದೆ.

ದಪ್ಪ ಎಣ್ಣೆ ಅಥವಾ ಔಷಧಿಯಂಥ ದ್ರವ ಸುರಿದರೆ ಈ ಗುದ್ದು ಕೆಲವು ದಿನ ಮಂದವಾಗುತ್ತದೆ, ವಾಸಿಯಾಗುವುದಿಲ್ಲ. ಹಳೆಯ ಗಾಡಿ ಕೊಳ್ಳುವವರು ಇದನ್ನು ನೆನಪಿಡಬೇಕು: ನೀವು ಬರುವ ಮೊದಲೇ ಎಂಜಿನ್ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ಬೆಳಗ್ಗೆ ಹೋಗಿ ತಣ್ಣಗಿನದನ್ನು ಕೇಳಿ, ಅರ್ಧ ಗಂಟೆ ಓಡಿಸಿ ಬಿಸಿಯದನ್ನೂ ಕೇಳಿ.

ಡೀಸೆಲ್ ಗಾಡಿಯ ಬಡಿತ

ಡೀಸೆಲ್ ಎಂಜಿನ್ ಹುಟ್ಟಿನಿಂದಲೇ ಬಡಿಯುತ್ತದೆ, ಚಳಿಗಾಲದ ಬೆಳಗ್ಗೆ ಇನ್ನಷ್ಟು. ಹಿಂದೆ ಇಲ್ಲದ ಗಡುಸು ಬಡಿತ ಒಂದೇ ಸಿಲಿಂಡರಿನಿಂದ ಬಂದು, ಜೊತೆಗೆ ಕಪ್ಪು ಅಥವಾ ಬಿಳಿ ಹೊಗೆ ಕಂಡರೆ ಇಂಜೆಕ್ಟರ್ ಸೋರುತ್ತಿರಬಹುದು. ಹಾಗೆಯೇ ಓಡಿಸಿದರೆ ಪಿಸ್ಟನ್ನಿನ ತಲೆ ಸುಟ್ಟು ತೂತಾಗುತ್ತದೆ. ಮೊದಲು ಡೀಸೆಲ್ ಫಿಲ್ಟರಿನ ನೀರು ಇಳಿಸಿ, ಫಿಲ್ಟರ್ ಬದಲಿಸಿ ನೋಡುವುದು ಅಗ್ಗ. ಹಳೆಯ ಪಂಪಿನ ಎಂಜಿನ್ನುಗಳಲ್ಲಿ ಪೈಪಿನ ನಟ್ಟು ಸಡಿಲಿಸಿ ಸಿಲಿಂಡರ್ ಗುರುತಿಸುತ್ತಿದ್ದ ಪದ್ಧತಿಯನ್ನು ಒಂದೇ ಅಧಿಕ ಒತ್ತಡದ ಕೊಳವೆಯಿಂದ ಎಲ್ಲ ಇಂಜೆಕ್ಟರುಗಳಿಗೂ ಡೀಸೆಲ್ ಕೊಡುವ ಇಂದಿನ ಕಾಮನ್ ರೇಲ್ ಗಾಡಿಗಳಲ್ಲಿ ಎಂದಿಗೂ ಅನುಸರಿಸಬಾರದು. ಅಲ್ಲಿನ ಒತ್ತಡ 1,600 ಬಾರ್ ಮೀರಬಲ್ಲದು. ಆ ಡೀಸೆಲ್ ಎಳೆ ಚರ್ಮವನ್ನು ಸೀಳಿ ಒಳಹೋಗುತ್ತದೆ. ಗಾಯ ಸೂಜಿಮೊನೆಯಷ್ಟು ಕಂಡರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದ ಗಾಯ ಅದು.

ರಸ್ತೆ ಉಬ್ಬಿಗೆ ಹೊಡೆದ ಮೇಲೆ, ಅಥವಾ ನೀರಿಗೆ ಇಳಿದ ಮೇಲೆ

ಊರೊಳಗಿನ ಎತ್ತರದ ರಸ್ತೆ ಉಬ್ಬಿಗೆ ಅಡಿಭಾಗ ತಗುಲಿದ ಬಳಿಕ ಸದ್ದು ಶುರುವಾದರೆ ಆಯಿಲ್ ಚೇಂಬರ್ ಒಳಕ್ಕೆ ತಗ್ಗಿರುವುದನ್ನು ನೋಡಬೇಕು. ತಗ್ಗಿದ ತಗಡು ಎಣ್ಣೆ ಹೀರುವ ಜಾಲರಿಯನ್ನು ಮುಚ್ಚಿದರೆ ಮಟ್ಟ ಸರಿಯಿದ್ದರೂ ಒತ್ತಡ ಬರುವುದಿಲ್ಲ. ಸೋರಿಕೆ ಇಲ್ಲವೆಂದು ಸಮಾಧಾನಪಡುವಂತಿಲ್ಲ.

ಮಳೆಗಾಲದಲ್ಲಿ ರೈಲ್ವೆ ಕೆಳಸೇತುವೆಯ ನೀರಿಗೆ ಇಳಿದ ಗಾಡಿ ನಡುವೆ ನಿಂತರೆ ಮತ್ತೆ ಕೀಲಿ ತಿರುಗಿಸಬಾರದು. ಗಾಳಿಯ ದಾರಿಯಲ್ಲಿ ಸಿಲಿಂಡರಿಗೆ ಹೊಕ್ಕ ನೀರನ್ನು ಪಿಸ್ಟನ್ ಅದುಮಲಾರದು, ರಾಡ್ ಬಾಗುತ್ತದೆ. ಬಾಗಿದ ರಾಡ್ ಕೆಲವು ದಿನ ಓಡಿ, ಆಮೇಲೆ ಬಡಿಯತೊಡಗುತ್ತದೆ. ಏರ್ ಫಿಲ್ಟರ್ ಒದ್ದೆಯಿದೆಯೇ ಎಂದು ನೋಡಿ, ತಳ್ಳಿಸಿ ಹೊರತಂದು, ಪ್ಲಗ್ ಬಿಚ್ಚಿ ನೀರು ಹೊರಹಾಕಿಸಬೇಕು. ಎಂಜಿನ್ ರಕ್ಷಣೆಯ ಹೆಚ್ಚುವರಿ ಕವಚ ಪಡೆಯದಿದ್ದರೆ ಇಂಥ ಹಾನಿಗೆ ಸಾಮಾನ್ಯ ವಿಮೆಯಲ್ಲಿ ಪರಿಹಾರ ಸಿಗುವುದು ಕಷ್ಟ.

ಗ್ಯಾರೇಜಿಗೆ ಒಪ್ಪಿಸುವಾಗ

ಬೇರಿಂಗ್ ಹೋಗಿದೆ ಎಂದು ಬರಿಯ ಮಾತಿನಲ್ಲಿ ಹೇಳಿದರೆ ಒಪ್ಪದೆ, ಒತ್ತಡದ ಅಂಕಿ ಮತ್ತು ಕತ್ತರಿಸಿದ ಫಿಲ್ಟರನ್ನು ತೋರಿಸಲು ವಿನಯದಿಂದ ಕೇಳಿ. ತಣ್ಣಗಿರುವಾಗ ಮತ್ತು ಬಿಸಿಯಾದಾಗ ಮೊಬೈಲಿನಲ್ಲಿ ಹಿಡಿದ ಸದ್ದನ್ನು, ಎಂಜಿನ್ ಸುತ್ತು ತೋರುವ ಟ್ಯಾಕೋಮೀಟರ್ ಕಾಣುವಂತೆ, ಜೊತೆಗೆ ಕೊಂಡೊಯ್ದರೆ ಕೆಲಸ ಬೇಗ ಸಾಗುತ್ತದೆ. ಬಿಚ್ಚಲೇಬೇಕಾದರೆ ಬಿಚ್ಚುವಾಗ ಎದುರಿಗಿರಿ, ಹಳೆಯ ಬೇರಿಂಗ್‌ಗಳನ್ನು ಸಿಲಿಂಡರ್ ಸಂಖ್ಯೆ ಬರೆಸಿ ಪಡೆದುಕೊಳ್ಳಿ. ಕ್ರ್ಯಾಂಕಿನ ಎಣ್ಣೆಯ ರಂಧ್ರಗಳನ್ನು, ಆಯಿಲ್ ಕೂಲರನ್ನು ತೊಳೆಯದೆ ಹೊಸ ಬೇರಿಂಗ್ ಕೂರಿಸಿದರೆ ಅಲ್ಲಿ ಉಳಿದ ಲೋಹದ ಚೂರುಗಳೇ ಅದನ್ನೂ ತಿನ್ನುತ್ತವೆ. ಜೋಡಿಸಿದ ಮೇಲೆ ಮೊದಲ ಸಲ ಚಾಲೂ ಮಾಡುವಾಗ ಇಂಧನ ಮತ್ತು ಕಿಡಿಯನ್ನು ತಡೆದು, ಎಣ್ಣೆಯ ದೀಪ ಆರುವವರೆಗೆ ಸ್ಟಾರ್ಟರಿನಿಂದ ಸ್ವಲ್ಪ ಸ್ವಲ್ಪವೇ ತಿರುಗಿಸಲು ಹೇಳಿ, ಅದಾದ ಮೇಲೆಯೇ ಎಂಜಿನ್ ಚಾಲೂ ಆಗಲಿ.